ಹಗುರ ಇದೆ ಅಂತ ಕೊಳ್ಳಬೇಡಿ: ಮೊದಲ ರಿವಾಲ್ವರ್ ಹುಡುಕುತ್ತಾ ಪುಣೆ, ಮುಂಬೈ ಅಂಗಡಿ ಸುತ್ತಿದ ಮೇಲೆ

ಮೊದಲ ಸಲ ರಿವಾಲ್ವರ್ ಕೊಳ್ಳಲು ಹೋದವರು ಹೆಚ್ಚಾಗಿ ಕೇಳುವುದು ಒಂದೇ ಮಾತು. ಹಗುರವಾದದ್ದು ಯಾವುದಿದೆ? ಅಂಗಡಿಯವರೂ ಅದನ್ನೇ ಮೊದಲು ತೆಗೆದು ಮುಂದಿಡುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ಉಲ್ಟಾ. ಹೊಸಬರಿಗೆ ಸ್ವಲ್ಪ ಭಾರದ್ದೇ ಒಳ್ಳೆಯದು. ಸೊಂಟದಲ್ಲಿ ಇಟ್ಟುಕೊಳ್ಳುವಾಗ ಹಗುರ ಇದ್ದರೆ ಹಿತ, ಒಪ್ಪುತ್ತೇನೆ. ಆದರೆ ಗುಂಡು ಹೊಡೆಯುವಾಗ ಅದೇ ಹಗುರ ನಿಮ್ಮ ಶತ್ರು. ಯಾಕೆ ಅಂತ ಕೆಳಗೆ ಹೇಳುತ್ತೇನೆ, ಅಂಗಡಿಗಳ ಬಗ್ಗೆಯೂ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಲಕ್ಷಕ್ಕೂ ಮೇಲೆ ದುಡ್ಡು ಹಾಕುವ ವಿಷಯ ಅಲ್ವಾ.

ನಾನು ಬಂದೂಕಿನ ವ್ಯಾಪಾರಿ ಅಲ್ಲ, ಪೊಲೀಸನೂ ಅಲ್ಲ. ಪುಣೆಯ ಬಾಣೇರ್‌ನಲ್ಲಿ ಮನೆ, ಐಟಿ ಕೆಲಸ, ರಜೆ ದಿನ ಶೂಟಿಂಗ್ ರೇಂಜಿಗೆ ಹೋಗಿ ಏರ್ ಪಿಸ್ತೂಲ್ ಮತ್ತು .22 ಪಿಸ್ತೂಲ್ ಹೊಡೆಯುವ ಹವ್ಯಾಸ. ಆ ಹವ್ಯಾಸದ ಕಾರಣಕ್ಕೇ ಭಾವ ನನ್ನನ್ನು ಹಿಡಿದುಕೊಂಡರು. ಅವರು ಕುಂದಾಪುರದ ಕಡೆಯವರು. ಸೋಲಾಪುರ ರಸ್ತೆಯಲ್ಲಿ ಹೋಟೆಲ್ ಮತ್ತು ಲಾಡ್ಜ್ ನಡೆಸುತ್ತಾರೆ. ರಾತ್ರಿ ಗಲ್ಲಾ ಮುಚ್ಚಿ, ಲೆಕ್ಕ ನೋಡಿ, ದುಡ್ಡು ತೆಗೆದುಕೊಂಡು ಒಬ್ಬರೇ ಕಾರಿನಲ್ಲಿ ಮನೆಗೆ ಬರುತ್ತಾರೆ. ಬೈಕಿನಲ್ಲಿ ಯಾರೋ ಹಿಂಬಾಲಿಸಿಕೊಂಡು ಬಂದದ್ದಿದೆ, ಠಾಣೆಯಲ್ಲಿ ಅದರ ದೂರೂ ಇದೆ. ತೊಂಬತ್ತರ ದಶಕದಲ್ಲಿ ಮುಂಬೈನ ನಮ್ಮ ಹೋಟೆಲಿನವರಿಗೆ ಹಫ್ತಾ ಕೇಳಿ ಫೋನ್ ಬರುತ್ತಿದ್ದ ಕಾಲ ನೋಡಿದವರು ಅವರು. ಹಾಗಾಗಿ ಹೆದರಿಕೆ ಸುಮ್ನೆ ಬಂದದ್ದಲ್ಲ. ಲೈಸೆನ್ಸ್ ಕೈಗೆ ಬಂದ ದಿನ ಫೋನ್ ಮಾಡಿ, "ಮಾರಾಯ, ಕಾಗದ ಬಂತು. ಇನ್ನು ಸಾಮಾನು ಯಾವುದು ಅಂತ ನೀನೇ ಹೇಳ್ಬೇಕು" ಅಂದರು.

ಲೈಸೆನ್ಸ್ ವಿಷಯ ಬೇಗ ಮುಗಿಸುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು. ವಯಸ್ಸು 21 ಆಗಿರಬೇಕು. ಎ-1 ಫಾರ್ಮ್ ತುಂಬಬೇಕು, ಪುಣೆ ನಗರದಲ್ಲಾದರೆ ಕೊಡುವವರು ಪೊಲೀಸ್ ಕಮಿಷನರ್. ಠಾಣೆಯಿಂದ ವಿಚಾರಣೆ ಆಗುತ್ತದೆ, ಆರೋಗ್ಯದ ಸರ್ಟಿಫಿಕೇಟ್ ಬೇಕು, ಮನೆಯಲ್ಲಿ ಭದ್ರವಾಗಿ ಇಡುತ್ತೇನೆ ಅಂತ ಬರೆದುಕೊಡಬೇಕು. ಬಂದೂಕು ಹಿಡಿಯಲು, ಇಡಲು ತರಬೇತಿ ಪಡೆದಿದ್ದೇನೆ ಅನ್ನುವ ಎಸ್-1 ಸರ್ಟಿಫಿಕೇಟೂ ಇದೆ. ಇದನ್ನು ಜನ ಬರೀ ಕಾಗದ ಅಂತ ತಿಳಿದು ಹೇಗೋ ಮುಗಿಸಿಬಿಡುತ್ತಾರೆ, ನನಗೆ ಕೇಳಿದರೆ ಇಡೀ ಪ್ರಕ್ರಿಯೆಯಲ್ಲಿ ಉಪಯೋಗಕ್ಕೆ ಬರುವುದು ಅದೊಂದೇ. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ನಮ್ಮ ಸೊಸೈಟಿಯಲ್ಲಿ ಒಬ್ಬರು ಕೊಡವ ಗೆಳೆಯರಿದ್ದಾರೆ, ಭಾವನ ಓಡಾಟ ನೋಡಿ ನಗುತ್ತಿದ್ದರು. ಅವರಿಗೆ ಕೊಡಗಿನಲ್ಲಿ ಲೈಸೆನ್ಸಿನ ವಿನಾಯಿತಿ 2029ರ ತನಕ ಇದೆ. ಪುಣೆಯಲ್ಲಿ ಅವರೂ ನಮ್ಮ ಹಾಗೇ ಸಾಲಿನಲ್ಲಿ ನಿಲ್ಲಬೇಕು, ಅದು ಬೇರೆ ಮಾತು.

ಈಗ ಸಾಮಾನಿನ ವಿಷಯ. ಅಮೆರಿಕದವರು ಮಾಡಿದ ವಿಡಿಯೋ ನೋಡಿ ತಲೆ ತುಂಬಿಸಿಕೊಂಡು ಅಂಗಡಿಗೆ ಹೋಗಬೇಡಿ. ಅಲ್ಲಿ ಹೊಸಬರಿಗೆ ಅಂತ ಹೇಳುವ 9 ಎಂಎಂ ಪಿಸ್ತೂಲು ಇಲ್ಲಿ ಸಾಮಾನ್ಯ ಜನರಿಗೆ ಇಲ್ಲವೇ ಇಲ್ಲ. ಅದು ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ತೂತಿನ ಅಳತೆ), ಪೊಲೀಸರಿಗೆ ಮತ್ತು ಸೈನ್ಯಕ್ಕೆ. ನಮಗೆ ಉಳಿಯುವುದು ಹೆಚ್ಚಾಗಿ .32 ಮತ್ತು .22. ಹೊರದೇಶದಿಂದ ಆಮದು ಎಂಬತ್ತರ ದಶಕದಿಂದ ಸಾಮಾನ್ಯ ಜನರಿಗೆ ಹೆಚ್ಚುಕಡಿಮೆ ಬಂದ್ ಆಗಿದೆ. ಹಾಗಾಗಿ ಹಳೆಯ ಇಂಗ್ಲಿಷ್, ಅಮೆರಿಕನ್ ರಿವಾಲ್ವರ್‌ಗಳು ಕೈ ಬದಲಾಗುವಾಗ ಹಲವು ಲಕ್ಷಕ್ಕೆ ಹೋಗುತ್ತವೆ. ಮೊದಲ ಸಲ ಕೊಳ್ಳುವವರು ಆ ಕಡೆ ತಿರುಗಿಯೂ ನೋಡಬೇಡಿ. ಒಂದು ಸ್ಪ್ರಿಂಗ್ ಹೋದರೆ ಸಿಗುವುದಿಲ್ಲ. ಅಜ್ಜನ ಕಾಲದ ಸಾಮಾನು ಅಂತ ಹೇಳಿಕೊಳ್ಳಲು ಚೆಂದ, ಅಷ್ಟೇ.

ಅಂದರೆ ಆಯ್ಕೆ ಬಹಳ ಚಿಕ್ಕದು. ಇದು ಒಂಥರಾ ಒಳ್ಳೆಯದೇ. ಕಾನ್‌ಪುರದ ಕಾರ್ಖಾನೆಗಳ .32 ರಿವಾಲ್ವರ್‌ಗಳು, ಅದೇ ಬೋರಿನ ಪಿಸ್ತೂಲು 'ಅಶನಿ', ಪಶ್ಚಿಮ ಬಂಗಾಳದ ಇಶಾಪುರದ .22 ರಿವಾಲ್ವರ್ 'ನಿಡರ್', ಇತ್ತೀಚೆಗೆ ಉತ್ತರ ಪ್ರದೇಶದ ಹರ್ದೋಯಿಯಲ್ಲಿ ತಯಾರಾಗುತ್ತಿರುವ ವೆಬ್ಲಿ ರಿವಾಲ್ವರ್. ಸರ್ಕಾರದ ಶಸ್ತ್ರ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು 2021ರ ಅಕ್ಟೋಬರ್‌ನಲ್ಲಿ ಒಡೆದು ಏಳು ಕಂಪನಿ ಮಾಡಿದರಲ್ಲ, ಅದರಲ್ಲಿ ಬಂದೂಕಿನ ಕೆಲಸ ಕಾನ್‌ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್‌ಗೆ ಹೋಯಿತು. ಅಂಗಡಿಯವರು ಇನ್ನೂ ಹಳೇ ಹೆಸರಲ್ಲೇ 'ಆರ್ಡ್‌ನೆನ್ಸ್ ಮಾಲು' ಅಂತಾರೆ.

ನಾವು ನೋಡಿದ ಮೊದಲ ಅಂಗಡಿ ಪುಣೆ ಕ್ಯಾಂಪ್ ಕಡೆಯದು. ಹೆಸರು ಹೇಳುವುದಿಲ್ಲ. ಹೊರಗಿನಿಂದ ನೋಡಿದರೆ ದೊಡ್ಡ ಗಾಜಿನ ಬಾಗಿಲು, ಒಳಗೆ ಎಸಿ, ಗೋಡೆ ತುಂಬಾ ಏರ್‌ಗನ್. ಕೌಂಟರಿನಲ್ಲಿದ್ದ ಹುಡುಗ ಭಾವನ ಲೈಸೆನ್ಸ್ ಕೇಳುವ ಮೊದಲೇ ಒಂದು ಹಗುರದ ರಿವಾಲ್ವರ್ ತೆಗೆದು ಕೈಗೆ ಕೊಟ್ಟ. ತೋಟಾ ತುಂಬುವ ಸಿಲಿಂಡರ್ ತೆರೆದು ತೋರಿಸಲಿಲ್ಲ. ಕೊಡುವಾಗ ಅದರ ಬಾಯಿ ನನ್ನ ಹೊಟ್ಟೆ ಕಡೆ ಇತ್ತು. ಖಾಲಿ ಇದೆ ಸರ್ ಅಂದ. ಇರಬಹುದು. ನಾನು ಭಾವನ ಕೈಯಿಂದ ತೆಗೆದುಕೊಂಡು ತೆರೆದು ನೋಡಿ ಆಮೇಲೆ ಕೊಟ್ಟೆ. ಹುಡುಗನಿಗೆ ಅದು ಅವಮಾನದ ಹಾಗೆ ಕಂಡಿತು. ಆಮೇಲೆ ಬೆಲೆಯ ಮಾತು. ಬಿಲ್ಲಿನಲ್ಲಿ ಒಂದು, ಕೈಯಲ್ಲಿ ಒಂದು ಅನ್ನುವ ಲೆಕ್ಕ. ಜೊತೆಗೆ ಹೋಲ್‌ಸ್ಟರ್ (ಬಂದೂಕು ಇಟ್ಟುಕೊಳ್ಳುವ ಸೊಂಟದ ಚೀಲ), ಎಣ್ಣೆ ಬಾಟಲಿ, ಸ್ವಚ್ಛ ಮಾಡುವ ಕಿಟ್ ಎಲ್ಲ ಸೇರಿಸಿ 'ಪ್ಯಾಕೇಜ್'. ರಿವಾಲ್ವರ್, ಪಿಸ್ತೂಲಿನ ಮೇಲೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28 ಇದ್ದದ್ದು 40ಕ್ಕೆ ಏರಿದೆ, ಅದು ನಿಜ. ಆದರೆ ಅದನ್ನು ತಪ್ಪಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಈ ಸಾಮಾನಿನ ಪ್ರತಿ ನಂಬರೂ ಲೈಸೆನ್ಸಿನಲ್ಲಿ, ಠಾಣೆಯಲ್ಲಿ ಬರೆದಿರುತ್ತದೆ. ಬಿಲ್ಲಿನಲ್ಲಿ ಆಟ ಆಡುವ ವಸ್ತು ಇದಲ್ಲ. ಈ ಅಂಗಡಿಗೆ ಐದಕ್ಕೆ ಒಂದು. ಆ ಒಂದೂ ಎಸಿಗೆ.

ಎರಡನೆಯದು ಮುಂಬೈನಲ್ಲಿ, ದಕ್ಷಿಣ ಮುಂಬೈನ ಹಳೇ ಗಲ್ಲಿಯೊಂದರಲ್ಲಿ. ಮರದ ಕಪಾಟು, ಮೇಲೆ ತಿರುಗುವ ಫ್ಯಾನು, ಹೊಸತೇನೂ ಇಲ್ಲ. ಮಾಲೀಕರು ವಯಸ್ಸಾದವರು, ಮಾತು ಕಡಿಮೆ. ಮೊದಲು ಲೈಸೆನ್ಸ್ ತೆಗೆದುಕೊಂಡು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಬೋರ್ ಯಾವುದು ಬರೆದಿದೆ, ಎಲ್ಲಿಯ ತನಕ ಒಯ್ಯಬಹುದು, ಕೊಳ್ಳಲು ಕೊಟ್ಟ ಗಡುವು ಎಷ್ಟು, ತೋಟಾ ಎಷ್ಟು ಇಟ್ಟುಕೊಳ್ಳಬಹುದು, ಎಲ್ಲ ಭಾವನಿಗೇ ಓದಿ ಹೇಳಿದರು. ಭಾವ ಆ ತನಕ ಅದನ್ನು ಓದಿಯೇ ಇರಲಿಲ್ಲ! ಆಮೇಲೆ ರಿವಾಲ್ವರ್ ತೆಗೆದರು. ತೆರೆದು, ಆರೂ ಕೋಣೆ ತೋರಿಸಿ, ತೆರೆದೇ ಇಟ್ಟು ಕೈಗೆ ಕೊಟ್ಟರು. "ಪೆಹಲೇ ಹಾಥ್ ದಿಖಾವೋ" ಅಂದರು. ಕೈ ಯಾಕೆ ಅಂತ ಭಾವನಿಗೆ ಆಶ್ಚರ್ಯ. ಬೆರಳಿನ ಉದ್ದ ನೋಡಲು.

ಈ ಬೆರಳಿನ ವಿಷಯ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಹಿಡಿಯನ್ನು ಸರಿಯಾಗಿ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮುಂದಿನ ಮೆತ್ತನೆ ಭಾಗ ಟ್ರಿಗರಿನ ಮೇಲೆ ಕೂರಬೇಕು, ಕೈಯನ್ನು ಆ ಕಡೆ ಈ ಕಡೆ ತಿರುಗಿಸದೆ. ಬೆರಳು ಚಿಕ್ಕದಿದ್ದರೆ ತುದಿ ಮಾತ್ರ ತಾಗುತ್ತದೆ, ಆಗ ಎಳೆಯುವಾಗ ಬಂದೂಕು ಪಕ್ಕಕ್ಕೆ ಹೋಗುತ್ತದೆ. ಭಾವನ ಹಾಗೆ ದಪ್ಪ ಕೈಯವರಿಗೆ ಇನ್ನೊಂದು ತೊಂದರೆ. ಚಿಕ್ಕ ಹಿಡಿಯಲ್ಲಿ ಕಿರುಬೆರಳು ಕೆಳಗೆ ಜಾರಿ ಗಾಳಿಯಲ್ಲಿ ನೇತಾಡುತ್ತದೆ. ಅಂಗಡಿಯಲ್ಲಿ ಇದನ್ನು ನೋಡಿಕೊಳ್ಳಿ. ಬಣ್ಣ, ಪಾಲಿಶ್, ಪೆಟ್ಟಿಗೆ ಎಲ್ಲ ಆಮೇಲೆ.

ಈಗ ತೂಕದ ಮಾತಿಗೆ ಬರುತ್ತೇನೆ. ರೇಂಜಿನಲ್ಲಿ ನಾವು ಹೊಡೆಯುವ ಹತ್ತು ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಎಳೆಯಲು ಕನಿಷ್ಠ 500 ಗ್ರಾಂ ಬಲ ಬೇಕಾಗುವಂತಿರಬೇಕು ಅಂತ ನಿಯಮ. 25 ಮೀಟರಿನ .22 ಸ್ಪೋರ್ಟ್ಸ್ ಪಿಸ್ತೂಲಿಗೆ ಕನಿಷ್ಠ ಒಂದು ಕಿಲೋ. ಆ ಪಿಸ್ತೂಲಿನ ತೂಕ 1.4 ಕಿಲೋ ತನಕ ಇರಬಹುದು. ಅಂದರೆ ಬೆರಳು ಎಳೆಯುವ ಬಲಕ್ಕಿಂತ ಬಂದೂಕಿನ ತೂಕವೇ ಜಾಸ್ತಿ, ಹಾಗಾಗಿ ಅದು ಅಲುಗಾಡದೆ ನಿಲ್ಲುತ್ತದೆ. ರಿವಾಲ್ವರಿನಲ್ಲಿ ಈ ಲೆಕ್ಕ ತಲೆಕೆಳಗು. ಡಬಲ್ ಆಕ್ಷನ್‌ನಲ್ಲಿ, ಅಂದರೆ ಹ್ಯಾಮರ್ (ಹಿಂದೆ ಇದ್ದು ತೋಟಾಕ್ಕೆ ಹೊಡೆಯುವ ಭಾಗ) ಮುಟ್ಟದೆ ನೇರ ಟ್ರಿಗರ್ ಎಳೆದರೆ, ಒಂದೇ ಎಳೆತದಲ್ಲಿ ಸಿಲಿಂಡರ್ ತಿರುಗಬೇಕು, ಹ್ಯಾಮರ್ ಹಿಂದೆ ಹೋಗಬೇಕು, ಬಿಡುಗಡೆ ಆಗಬೇಕು. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಐದು ಕಿಲೋ ಬಲ ಬೇಕು. ಬಂದೂಕಿನ ತೂಕ ಅರ್ಧ ಕಿಲೋ, ನೀವು ಎಳೆಯುತ್ತಿರುವುದು ಅದರ ಎಂಟು ಹತ್ತು ಪಟ್ಟು. ಅಲುಗಾಡದೆ ಏನಾಗುತ್ತದೆ? ಗುಂಡು ಹಾರುವ ಮೊದಲೇ ಬಾಯಿ ಕೆಳಗೆ ಬಾಗಿರುತ್ತದೆ. ಬಲಗೈಯ ಹೊಸಬರು ಹೊಡೆದದ್ದೆಲ್ಲ ಕೆಳಗೆ, ಎಡಕ್ಕೆ ಹೋಗುವುದು ಇದಕ್ಕೇ. ಅದರ ಮೇಲೆ ಹಿಂದಕ್ಕೆ ಒದೆಯುವುದೂ ಹಗುರದ್ದರಲ್ಲಿ ಜಾಸ್ತಿ. ಮೊದಲ ಗುಂಡಿಗೇ ಕೈ ಹೆದರಿತು ಅಂದರೆ ಎರಡನೆಯದಕ್ಕೆ ಕಣ್ಣು ತಾನಾಗಿಯೇ ಮುಚ್ಚುತ್ತದೆ. ಏಳುನೂರು ಗ್ರಾಮಿನದ್ದರಲ್ಲಿ ಈ ತೊಂದರೆ ಹೋಗುವುದಿಲ್ಲ, ಆದರೆ ಎದ್ದು ಕಾಣುವಷ್ಟು ಕಡಿಮೆ ಆಗುತ್ತದೆ.

ಇದೇ ಕಾರಣಕ್ಕೆ 'ನಿರ್ಭೀಕ್' ಅನ್ನುವ .32 ರಿವಾಲ್ವರ್ ಬಗ್ಗೆ ನನಗೆ ಎರಡು ಮನಸ್ಸು. 2014ರ ಜನವರಿಯಲ್ಲಿ ಕಾನ್‌ಪುರದ ಫೀಲ್ಡ್ ಗನ್ ಫ್ಯಾಕ್ಟರಿ ಅದನ್ನು ಹೆಂಗಸರಿಗೆ ಅಂತಲೇ ಹೊರತಂದಿತು. ದೆಹಲಿಯ ನಿರ್ಭಯಾ ಘಟನೆ ಆದ ಮೇಲೆ ಇಟ್ಟ ಹೆಸರು. ಟೈಟಾನಿಯಂ ಮಿಶ್ರಲೋಹ, 500 ಗ್ರಾಂ, ಆರು ಗುಂಡು, ಬೆಲೆ ಆಗ 1,22,360 ರೂಪಾಯಿ. ಆ ಬೆಲೆ ಕೇಳಿ ಆಗಲೇ ಬಹಳ ಜನ ಪ್ರಶ್ನೆ ಎತ್ತಿದ್ದರು. ಯಾವ ಹೆಣ್ಣುಮಗಳು ಇಷ್ಟು ಕೊಟ್ಟು ಕೊಂಡಾಳು, ಕೊಂಡರೂ ಲೈಸೆನ್ಸ್ ಯಾರು ಕೊಡುತ್ತಾರೆ ಅಂತ. ನನ್ನ ತಕರಾರು ಬೇರೆ. ಕೆಲಸ ಚೆನ್ನಾಗಿದೆ, ಕೈಯಲ್ಲಿ ಹಿಡಿದರೆ ಮುದ್ದಾಗಿದೆ, ಪರ್ಸಿನಲ್ಲಿ ಕೂರುತ್ತದೆ. ಆದರೆ ಹೆಂಗಸರಿಗೆ ಹಗುರದ್ದು ಕೊಡಬೇಕು ಅನ್ನುವ ಯೋಚನೆಯೇ ತಪ್ಪು. ಬೆರಳಿನ ಬಲ ಕಡಿಮೆ ಇರುವವರಿಗೆ ಬೇಕಾದದ್ದು ಮೆತ್ತಗಿನ ಟ್ರಿಗರ್, ಹಗುರದ ಬಂದೂಕಲ್ಲ. ಎರಡೂ ಒಂದೇ ಅಂತ ಅಂಗಡಿಯವರು ಮಾತಾಡುತ್ತಾರೆ. ನಮ್ಮ ರೇಂಜಿನಲ್ಲಿ ಕಾಲೇಜಿನ ಹುಡುಗಿಯರು ಕಿಲೋಗಿಂತ ಭಾರದ .22 ಪಿಸ್ತೂಲನ್ನು ಒಂದೇ ಕೈಯಲ್ಲಿ ನೇರ ಚಾಚಿ ನಿಲ್ಲಿಸುತ್ತಾರೆ. ಕೊಲ್ಹಾಪುರದ ರಾಹಿ ಸರ್ನೋಬತ್ 2018ರ ಏಷ್ಯನ್ ಗೇಮ್ಸ್‌ನಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದದ್ದೂ ಅಂಥದ್ದರಲ್ಲೇ.

'ನಿಡರ್' ಇನ್ನೂ ಹಗುರ, ಸುಮಾರು 250 ಗ್ರಾಂ, .22. ಬೆಲೆ ಕಡಿಮೆ ಅಂತ ಆಸೆ ಆಗುತ್ತದೆ. .22 ರಿಮ್‌ಫೈರ್ ತೋಟಾ (ಬುಡದ ಅಂಚಿಗೆ ಪೆಟ್ಟು ಬಿದ್ದು ಹೊತ್ತಿಕೊಳ್ಳುವಂಥದ್ದು) ಅಭ್ಯಾಸಕ್ಕೆ ಬಹಳ ಒಳ್ಳೆಯದು, ರಕ್ಷಣೆಗೆ ದುರ್ಬಲ. ಜೊತೆಗೆ ರಿಮ್‌ಫೈರ್‌ನಲ್ಲಿ ಗುಂಡು ಹಾರದೆ ಠುಸ್ ಆಗುವುದು, ಬುಡದ ನಡುವಿಗೆ ಪೆಟ್ಟು ಬೀಳುವ ಸೆಂಟರ್‌ಫೈರ್‌ಗಿಂತ ಜಾಸ್ತಿ. ಅಷ್ಟು ಚಿಕ್ಕದರಲ್ಲಿ ಗುರಿ ನೋಡುವ ಮುಂಗಣ್ಣು, ಹಿಂಗಣ್ಣಿನ ನಡುವೆ ಅಂತರವೇ ಇರುವುದಿಲ್ಲ. ಬೇಡ.

ಕಾನ್‌ಪುರದ್ದೇ ಇನ್ನೊಂದು .32 ರಿವಾಲ್ವರ್ 'ಪ್ರಬಲ್' 2023ರ ಆಗಸ್ಟ್‌ನಲ್ಲಿ ಬಂತು. ನಮ್ಮಲ್ಲಿ ತಯಾರಾದ ರಿವಾಲ್ವರ್‌ಗಳಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆಯುವ ಮೊದಲನೆಯದು ಅಂತ ಪ್ರಚಾರ. ಹಳೆಯ ಮಾದರಿಗಳಲ್ಲಿ ಮೇಲಿನ ಚಿಲಕ ತೆಗೆದರೆ ನಳಿಗೆಯೇ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ, ಖಾಲಿ ತೋಟಾಗಳೆಲ್ಲ ಒಟ್ಟಿಗೆ ಮೇಲೆದ್ದು ಬರುತ್ತವೆ. ನೋಡಲು ಮಜಾ ಇದೆ, ಒಂದೇ ನೋಟಕ್ಕೆ ಖಾಲಿಯೋ ತುಂಬಿದೆಯೋ ಗೊತ್ತಾಗುತ್ತದೆ. ಪಕ್ಕಕ್ಕೆ ತೆರೆಯುವುದರಲ್ಲಿ ಚೌಕಟ್ಟು ಒಂದೇ ತುಂಡು, ಹಾಗಾಗಿ ಗಟ್ಟಿ. ತೂಕ ಏಳುನೂರು ಗ್ರಾಂ ಆಸುಪಾಸು, ನಳಿಗೆ 76 ಮಿಲಿಮೀಟರ್. ನನಗೆ ಇಷ್ಟವಾದದ್ದು ಇದೇ. ಆದರೆ 50 ಮೀಟರ್ ದೂರ ಹೊಡೆಯುತ್ತದೆ ಅಂತ ಜಾಹೀರಾತಿನಲ್ಲಿ ಬರೆದಿದ್ದಾರಲ್ಲ, ಅದನ್ನು ಓದಿ ಯಾರೂ ಕೊಳ್ಳಬೇಡಿ. ಗುಂಡು ಅಷ್ಟು ದೂರ ಹೋಗುತ್ತದೆ, ಇಲ್ಲ ಅನ್ನುವುದಿಲ್ಲ. ಮೂರಿಂಚಿನ ನಳಿಗೆಯಲ್ಲಿ, ಹೆದರಿದ ಕೈಯಲ್ಲಿ, ರಾತ್ರಿ ಹೊತ್ತು 50 ಮೀಟರ್ ಆಚೆ ಇರುವವನ ಮೇಲೆ ಗುಂಡು ಹಾರಿಸುವುದು ಆತ್ಮರಕ್ಷಣೆಯೂ ಅಲ್ಲ. ಅಷ್ಟು ದೂರ ಇದ್ದಾನೆ ಅಂದರೆ ಕಾರು ಓಡಿಸಿಕೊಂಡು ಹೋಗಿ ಮಾರಾಯ್ರೆ!

ಪಿಸ್ತೂಲು ಬೇಡವಾ ಅಂತ ಭಾವ ಬಹಳ ಸಲ ಕೇಳಿದರು. ಸಿನಿಮಾದಲ್ಲಿ ನೋಡಿದ್ದು ಅದೇ ಅಲ್ವಾ. ಅಶನಿ ಚಪ್ಪಟೆಯಾಗಿದೆ, ಶರಟಿನ ಕೆಳಗೆ ಕಾಣುವುದಿಲ್ಲ. ಆದರೆ ಹೊಸಬರಿಗೆ ಪಿಸ್ತೂಲಿನಲ್ಲಿ ನೆನಪಿಡುವುದು ಜಾಸ್ತಿ. ಸ್ಲೈಡ್ ಎಳೆಯಬೇಕು, ಸೇಫ್ಟಿ ನೋಡಬೇಕು, ತೋಟಾ ಸಿಕ್ಕಿಕೊಂಡರೆ ಬಿಡಿಸಬೇಕು. ಹಿಡಿತ ಸಡಿಲವಾದರೆ ಸಿಕ್ಕಿಕೊಳ್ಳುವುದೂ ಸಾಮಾನ್ಯ. ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದು. ತೋಟಾ ತುಂಬಿದ ಮ್ಯಾಗಜೀನ್ ಹೊರಗೆ ತೆಗೆದ ಮೇಲೂ ನಳಿಗೆಯಲ್ಲಿ ಒಂದು ತೋಟಾ ಕೂತಿರಬಹುದು. ಖಾಲಿ ಅಂತ ತಿಳಿದು ಮನೆಯವರ ಮೇಲೆಯೇ ಹಾರಿಸಿಬಿಟ್ಟವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ರಿವಾಲ್ವರ್ ತೆರೆದರೆ ಆರೂ ಕಣ್ಣೆದುರು ಇರುತ್ತವೆ, ಗುಟ್ಟು ಏನಿಲ್ಲ. ಒಂದು ಗುಂಡು ಠುಸ್ ಆದರೆ ಮತ್ತೆ ಟ್ರಿಗರ್ ಎಳೆಯಿರಿ, ಮುಂದಿನದು ಬರುತ್ತದೆ. ಎರಡರ ತೋಟಾ ಬೇರೆ ಬೇರೆ ಅನ್ನುವುದನ್ನೂ ತಿಳಿದುಕೊಳ್ಳಿ. ರಿವಾಲ್ವರಿನ .32 ಉದ್ದ, ಪಿಸ್ತೂಲಿನ .32 ಗಿಡ್ಡ. ಒಂದರದ್ದು ಇನ್ನೊಂದಕ್ಕೆ ಹಾಕಬಾರದು.

.32 ಸಾಕಾಗುತ್ತದಾ ಅನ್ನುವುದು ಎಲ್ಲರ ಅನುಮಾನ. ನೇರ ಹೇಳಬೇಕೆಂದರೆ ಇದು ಬಲವಾದ ತೋಟಾ ಅಲ್ಲ. ರಿವಾಲ್ವರಿನ ಈ .32 ಹುಟ್ಟಿದ್ದು 1896ರಲ್ಲಿ, ಸ್ಮಿತ್ ಅಂಡ್ ವೆಸ್ಸನ್ ಕಂಪನಿಯಲ್ಲಿ. ಅದರ ಶಕ್ತಿ 150 ಜೂಲ್ ಆಸುಪಾಸು, 9 ಎಂಎಂ ಅದರ ಮೂರು ಪಟ್ಟು. ಆದರೆ ಇದಕ್ಕೆ ಒಂದು ಒಳ್ಳೆಯ ಗುಣ ಇದೆ. ಒದೆತ ಕಡಿಮೆ, ಗುರಿ ಬಹಳ ನಿಖರ. ಎಷ್ಟು ನಿಖರ ಅಂದರೆ ಅಂತಾರಾಷ್ಟ್ರೀಯ ಸೆಂಟರ್‌ಫೈರ್ ಪಿಸ್ತೂಲ್ ಸ್ಪರ್ಧೆಗಳಲ್ಲಿ ಬಹಳ ಮಂದಿ ಇವತ್ತಿಗೂ ಇದೇ ತೋಟಾದ ಚಪ್ಪಟೆ ತಲೆಯ ಗುಂಡು ಬಳಸುತ್ತಾರೆ. ಸರ್ಕಾರ ನಮಗೆ ಕೊಟ್ಟದ್ದು ಇಷ್ಟೇ, ಆದರೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಹುಡುಕಿದರೂ ಸಿಗುವುದು ಕಷ್ಟ.

ಕಲಿಯುವುದು ಎಲ್ಲಿ? ಇಲ್ಲಿ ಪುಣೆಯವರು ಪುಣ್ಯವಂತರು. ಬಾಲೇವಾಡಿಯ ಶಿವ ಛತ್ರಪತಿ ಕ್ರೀಡಾಸಂಕುಲ 1994ರ ನ್ಯಾಷನಲ್ ಗೇಮ್ಸ್‌ಗೆ ಕಟ್ಟಿದ್ದು, 2008ರ ಯೂತ್ ಕಾಮನ್‌ವೆಲ್ತ್ ಗೇಮ್ಸ್ ಕೂಡ ಇಲ್ಲೇ ನಡೆಯಿತು, ಒಳ್ಳೆಯ ಶೂಟಿಂಗ್ ರೇಂಜ್ ಇದೆ. ಒಲಿಂಪಿಕ್ ಪದಕ ಗೆದ್ದ ಶೂಟರ್ ಗಗನ್ ನಾರಂಗ್ ಅವರ ಗನ್ ಫಾರ್ ಗ್ಲೋರಿ ಅಕಾಡೆಮಿ ಶುರುವಾದದ್ದೂ ಇಲ್ಲಿಂದಲೇ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಅಭ್ಯಾಸ ಮಾಡಿದ್ದು ಈ ಬಾಲೇವಾಡಿಯಲ್ಲೇ. ಮುಂಬೈನವರಿಗೆ ವರ್ಳಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ ಇದೆ. ಲೈಸೆನ್ಸಿಗೆ ಅರ್ಜಿ ಹಾಕಿ ಕಾಯುವ ತಿಂಗಳುಗಳಲ್ಲಿ ಸುಮ್ನೆ ಕೂರುವ ಬದಲು ಏರ್ ಪಿಸ್ತೂಲ್ ಶುರು ಮಾಡಿ. .177 ಬೋರಿನ, 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಒದೆತ ಇಲ್ಲ, ಸದ್ದಿಲ್ಲ, ಬೆರಳು ಮಾತ್ರ ಕಲಿಯುತ್ತದೆ. ಕಲಿಯಬೇಕಾದದ್ದೂ ಬೆರಳೇ.

ಭಾವನಿಗೆ ನಾನು ಮಾಡಿಸಿದ್ದು ಹಳೇ ಉಪಾಯ. ಖಾಲಿ ರಿವಾಲ್ವರಿನ ನಳಿಗೆಯ ಮೇಲೆ ಒಂದು ನಾಣ್ಯ ಇಡುವುದು, ಡಮ್ಮಿ ತೋಟಾ ಹಾಕಿ ಗೋಡೆ ಕಡೆ ಹಿಡಿದು ಟ್ರಿಗರ್ ಎಳೆಯುವುದು. ನಾಣ್ಯ ಬೀಳಬಾರದು. ನಿಜವಾದ ತೋಟಾ ಆಗ ಬೇರೆ ಕೋಣೆಯಲ್ಲಿ ಬೀಗದಲ್ಲಿರಬೇಕು, ಇದರಲ್ಲಿ ರಾಜಿ ಇಲ್ಲ. ಬರೀ ಡಬಲ್ ಆಕ್ಷನ್‌ನಲ್ಲೇ ಕಲಿಯಿರಿ. ಹೆಬ್ಬೆರಳಿನಿಂದ ಹ್ಯಾಮರ್ ಎಳೆದು ಇಟ್ಟುಕೊಂಡರೆ ಟ್ರಿಗರ್ ಮೆತ್ತಗಾಗುತ್ತದೆ, ಗುರಿಯೂ ಚೆನ್ನಾಗಿ ಬರುತ್ತದೆ, ರೇಂಜಿನಲ್ಲಿ ಶಭಾಷ್ ಅನ್ನಿಸಿಕೊಳ್ಳಬಹುದು. ಆದರೆ ಎದೆ ಡವಗುಟ್ಟುವ ಹೊತ್ತಿನಲ್ಲಿ ಹ್ಯಾಮರ್ ಎಳೆದ ರಿವಾಲ್ವರ್ ಕೈಯಲ್ಲಿದ್ದರೆ, ಹಾರಿಸಬಾರದು ಅಂತ ನಿರ್ಧರಿಸಿದ ಮೇಲೂ ಅದನ್ನು ಮೆಲ್ಲಗೆ ವಾಪಸ್ ಇಳಿಸುವುದು ಹೊಸಬರ ಕೈಲಿ ಆಗುವ ಕೆಲಸವಲ್ಲ. ಕಿವಿಗೆ ರಕ್ಷಣೆ ಇಲ್ಲದೆ ಒಂದೂ ಗುಂಡು ಹೊಡೆಯಬೇಡಿ. ಚಿಕ್ಕ ಬಂದೂಕಿನ ಸದ್ದೂ 140 ಡೆಸಿಬಲ್ ದಾಟುತ್ತದೆ. ಎಡಗೈ ಬೆರಳನ್ನು ಸಿಲಿಂಡರಿನ ಮುಂಭಾಗಕ್ಕೆ ತರಬೇಡಿ. ನಳಿಗೆ ಮತ್ತು ಸಿಲಿಂಡರ್ ನಡುವಿನ ಸಂದಿನಿಂದ ಬಿಸಿ ಅನಿಲ ಹೊಡೆಯುತ್ತದೆ.

ಅಭ್ಯಾಸಕ್ಕೆ ನಿಜವಾದ ಅಡ್ಡಿ ತೋಟಾ. ಪುಣೆಯ ಖಡಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆ ಇದೆ, ಈಗ ಅದನ್ನು ನೋಡಿಕೊಳ್ಳುವ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಮುಖ್ಯ ಕಚೇರಿಯೂ ಪುಣೆಯಲ್ಲೇ. ಆದರೂ ಅಂಗಡಿಗೆ ಹೋದರೆ ".32 ಮುಗಿದಿದೆ, ಮುಂದಿನ ವಾರ ಬನ್ನಿ" ಅನ್ನುತ್ತಾರೆ. ಸಿಕ್ಕಿದರೂ ಒಂದೊಂದು ತೋಟಾಕ್ಕೆ ಭಾವನ ಹೋಟೆಲಿನಲ್ಲಿ ಊಟ ಮಾಡುವಷ್ಟು ಬೆಲೆ. ವರ್ಷಕ್ಕೆ ಎಷ್ಟು ಅಂತ ಲೈಸೆನ್ಸಿನಲ್ಲಿ ಮಿತಿ ಬೇರೆ. ಹಾಗಾಗಿ ಹೆಚ್ಚಿನವರು ಹಬ್ಬಕ್ಕೆ ಪೂಜೆ ಮಾಡಿ ಕಪಾಟಿನಲ್ಲಿಡುತ್ತಾರೆ. ಆಯುಧ ಪೂಜೆಗೆ ಕುಂಕುಮ ಹಚ್ಚಿಸಿಕೊಳ್ಳುವುದೇ ಅದರ ಕೆಲಸ ಅಂತಾದರೆ ಲಕ್ಷ ರೂಪಾಯಿ ಯಾಕೆ ಹಾಕಬೇಕು ಅಂತ ಭಾವನನ್ನು ಮುಖಕ್ಕೇ ಕೇಳಿದ್ದೇನೆ. ಮನೆಗೆ ಒಳ್ಳೆಯ ಬಾಗಿಲು, ಹೋಟೆಲಿಗೆ ಕ್ಯಾಮೆರಾ, ದುಡ್ಡು ರಾತ್ರಿ ಒಯ್ಯುವ ಬದಲು ಯುಪಿಐ ಜಾಸ್ತಿ ಮಾಡುವುದು, ಇವೆಲ್ಲ ರಿವಾಲ್ವರಿಗಿಂತ ಮೊದಲು ಆಗಬೇಕು. ಕ್ಯಾಮೆರಾ ಹಾಕಿಸಿದ್ದಾರೆ. ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಂಡು ಬರುವುದಕ್ಕೂ ಒಪ್ಪಿದ್ದಾರೆ.

ಕಾನೂನಿನ ಮಾತನ್ನು ಅಂಗಡಿಯ ಹುಡುಗರಿಂದ ಕೇಳಬೇಡಿ. ಕ್ಯಾಂಪಿನ ಆ ಅಂಗಡಿಯಲ್ಲಿ "ಮನೆಯೊಳಗೆ ಬಂದರೆ ಹೊಡೆಯಬಹುದು ಸರ್, ಏನೂ ಆಗಲ್ಲ" ಅಂತ ಭಾವನಿಗೆ ಧೈರ್ಯ ಹೇಳಿದರು. ಹಾಗಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಸ್ವರಕ್ಷಣೆಯ ಹಕ್ಕು ಅದರ 34ರಿಂದ 44ನೇ ಸೆಕ್ಷನ್ ತನಕ ಇದೆ. ಜೀವಕ್ಕೆ ಅಪಾಯ, ದರೋಡೆ, ಕತ್ತಲಾದ ಮೇಲೆ ಮನೆ ಒಡೆಯುವುದು ಇಂಥ ಕೆಲವು ಸಂದರ್ಭಗಳಲ್ಲಿ ಆ ಹಕ್ಕು ಪ್ರಾಣ ತೆಗೆಯುವ ತನಕವೂ ಹೋಗಬಹುದು. ಆದರೆ ರಕ್ಷಣೆಗೆ ಬೇಕಾದಷ್ಟಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ ಅಂತ 37ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದು ಸ್ವರಕ್ಷಣೆ ಅಂದರೆ ಕೋರ್ಟು ಒಪ್ಪುವುದು ಬಹಳ ಕಷ್ಟ. ಮದುವೆ ದಿಬ್ಬಣದಲ್ಲಿ ಆಕಾಶಕ್ಕೆ ಹಾರಿಸುವ ಚಟ ಇರುವವರಿಗೆ 2019ರ ತಿದ್ದುಪಡಿಯಲ್ಲಿ ಎರಡು ವರ್ಷದ ತನಕ ಜೈಲು, ಲಕ್ಷದ ತನಕ ದಂಡ ಅಥವಾ ಎರಡೂ ಇದೆ.

ಚುನಾವಣೆ ಬಂದಾಗ ಠಾಣೆಯಿಂದ ಫೋನ್ ಬರುತ್ತದೆ, ತಂದು ಒಪ್ಪಿಸಿ ಅಂತ. ಎಲ್ಲರಿಗೂ ಅಲ್ಲ, ಪರಿಶೀಲನೆ ಮಾಡಿ ಹೇಳುತ್ತಾರೆ. ಊರಿನಲ್ಲಿ ಬೆಳೆ ಕಾಯಲು ಕೋವಿ ಇಟ್ಟುಕೊಂಡವರಿಗೆ ಇದು ಹೊಸದಲ್ಲ, ಕೋವಿ ಠಾಣೆಯಲ್ಲಿ, ಹಂದಿ ಗದ್ದೆಯಲ್ಲಿ ಅಂತ ಪ್ರತಿ ಚುನಾವಣೆಗೂ ಗೊಣಗುತ್ತಾರೆ. ರಸೀದಿ ತೆಗೆದುಕೊಳ್ಳಲು ಮರೆಯಬೇಡಿ.

ಭಾವ ಕೊನೆಗೆ ಮುಂಬೈನ ಅಜ್ಜನ ಅಂಗಡಿಯಿಂದಲೇ ಏಳುನೂರು ಗ್ರಾಂ ಆಸುಪಾಸಿನ .32 ರಿವಾಲ್ವರ್ ಕೊಂಡರು, ಪೂರ್ತಿ ಬಿಲ್ಲಿನಲ್ಲಿ. ಅಂಗಡಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಯಾಕೆಂದರೆ ಬೇಕಾದ ಮಾಲು ಬರಲು ಕಾಯಿಸಿದರು, ಫೋನ್ ಮಾಡಿದರೆ ಎತ್ತುವುದಿಲ್ಲ, ಕಾರ್ಡ್ ತೆಗೆದುಕೊಳ್ಳುವುದಿಲ್ಲ. ಹೋಲ್‌ಸ್ಟರ್ ಅವರಲ್ಲಿ ಕೊಳ್ಳಬೇಡಿ, ಮೆತ್ತಗಿನ ಚರ್ಮ, ಟ್ರಿಗರ್ ಪೂರ್ತಿ ಮುಚ್ಚುವುದಿಲ್ಲ. ಗಟ್ಟಿ ಚರ್ಮದ್ದು, ಟ್ರಿಗರ್ ಗಾರ್ಡ್ ಒಳಗೆ ಹೋಗುವಂಥದ್ದು ಬೇರೆ ಕಡೆ ಹೊಲಿಸಿಕೊಳ್ಳಿ. ಹೋಗುವಾಗ ಮೂಲ ಲೈಸೆನ್ಸ್, ಆಧಾರ್, ಪಾನ್ ಮತ್ತು ಜೆರಾಕ್ಸ್ ಪ್ರತಿಗಳು ಜೊತೆಗಿರಲಿ. ಮೊದಲು ಲೈಸೆನ್ಸಿನಲ್ಲಿ ಯಾವ ಪ್ರದೇಶ ಬರೆದಿದೆ ನೋಡಿಕೊಳ್ಳಿ, ಪುಣೆಯ ಹೊರಗಿನಿಂದ ತರಲು ಅವಕಾಶ ಇದೆಯೇ ಅಂತ ಕಮಿಷನರ್ ಕಚೇರಿಯಲ್ಲಿ ಕೇಳಿಕೊಂಡೇ ಹೊರಡಿ. ಕೊಂಡ ಮೇಲೆ ಬಿಲ್ಲು ಮತ್ತು ಸಾಮಾನು ಎರಡನ್ನೂ ತೋರಿಸಿ ನಂಬರ್ ಎಂಟ್ರಿ ಮಾಡಿಸಬೇಕು, ಅದಕ್ಕೂ ಗಡುವು ಇರುತ್ತದೆ. ಅಂಗಡಿಯವರು ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ, ಬೆಳಿಗ್ಗೆಯೇ ಹೋಗಿ.